ಶುಭ್ರ ಲಾಂಡ್ರಿಯಲ್ಲಿ ಮಸಿನುಂಗಿ

“ಅಕ್ಕಾ, ಸ್ವಲ್ಪ ದೂರ ನಿಲ್ಲು! ಇದಕ್ಕಿನ್ನೂ ಮಂದಿ ರೂಢಿ ಆಗಿಲ್ಲ!”

ಹೀಗೆ ಹೇಳುತ್ತಾ ಅಡಿವೆಪ್ಪ ಗೋಣಿಚೀಲದಿಂದ ಹೊರಗೆಳೆದ ವಸ್ತುವನ್ನು ಕಂಡು ಸಾವಂತ್ರಕ್ಕ ಎರಡು ಹೆಜ್ಜೆ ಅಲ್ಲ, ನಾಲ್ಕು ಹೆಜ್ಜೆ ಹಿಂದೆ ಸರಿದಳು. ತಳದಲ್ಲಿ ಒಂದು ಕುಕ್ಕರು. ಕುಕ್ಕರಿನ ತಲೆಯ ಮೇಲೆ ಮದುವೆ ಬ್ಯಾಂಡಿನವರ ಹಿತ್ತಾಳೆ ಕಹಳೆ. ಕಹಳೆಯ ಕುತ್ತಿಗೆಗೆ ಸುತ್ತಿದ ತಾಮ್ರದ ತಂತಿ, ಪಕ್ಕದಲ್ಲಿ ಸೀಲಿಂಗ್ ಫ್ಯಾನಿನ ರೆಗ್ಯುಲೇಟರು, ಕೊನೆಗೊಂದು ರಬ್ಬರ್ ನಳಿಕೆ. ಆ ನಳಿಕೆಯ ತುದಿಗೆ ಉಪ್ಪಿನಕಾಯಿಯ ಖಾಲಿ ಬಾಟಲಿ.

“ಇದೇನೋ ಅಡಿವ್ಯಾ? ಯಾರ ಮದುವಿ ಕೆಡಿಸಿ ತಂದೀಯೋ ಇದನ್ನ?”

“ನಗಬ್ಯಾಡಕ್ಕಾ. ಇದರ ಹೆಸರು ಮಸಿನುಂಗಿ! ಎಂಥಾ ಮಸಿ ಇದ್ರೂ, ಎಲ್ಲಿ ಇದ್ರೂ, ನುಂಗಿ ನೀರು ಕುಡೀತೈತಿ!”

ಸಾವಂತ್ರಕ್ಕನಿಗೆ ನಗು ಬರಲಿಲ್ಲ. ತಮ್ಮನ ಯಂತ್ರಗಳ ಚರಿತ್ರೆ ಅವಳಿಗೆ ಬಾಯಿಪಾಠ. ಅಡಿವೆಪ್ಪ ಧಾರವಾಡದಲ್ಲಿ ಅಕ್ಕನ ಲಾಂಡ್ರಿಯ ಹಿಂದಿನ ಖೋಲಿಯಲ್ಲೇ ಮಿಕ್ಸಿ, ಫ್ಯಾನು ರಿಪೇರಿ ಮಾಡಿಕೊಂಡಿದ್ದವನು. ಮಿಕ್ಸಿ ರಿಪೇರಿಗೆ ಕೊಟ್ಟರೆ ಮಿಕ್ಸಿಯೇ ವಾಪಸ್ಸು ಬರುತ್ತದೆ ಎಂಬ ಖಾತ್ರಿ ಮಾತ್ರ ಇರಲಿಲ್ಲ. ಹೋದ ವರ್ಷ ಅವನು ಹಾಲು ಉಕ್ಕುವ ಮೊದಲೇ ಕೂಗಿ ಹೇಳುವ ಯಂತ್ರ ಮಾಡಿದ್ದ. ಅದಕ್ಕೆ ಹಾಲಿನ ಮೇಲೆ ಎಷ್ಟು ಕಾಳಜಿ ಅಂದರೆ, ಹಾಲಿನವನು ಓಣಿಯ ಆ ತುದಿಯಲ್ಲಿ ಕಾಣಿಸಿದ ಕೂಡಲೇ ಕೂಗಲು ಸುರುಮಾಡುತ್ತಿತ್ತು. ಎಮ್ಮೆ ಕಂಡರಂತೂ ಕೂಗು ನಿಲ್ಲಿಸಲು ಮೇನ್ ಸ್ವಿಚ್ಚನ್ನೇ ತೆಗೆಯಬೇಕಿತ್ತು!

ಆದರೆ ಈ ಸಲ ಸಾವಂತ್ರಕ್ಕನಿಗೆ ಬೇರೆ ದಾರಿ ಇರಲಿಲ್ಲ.

ಆಗಿದ್ದು ಇಷ್ಟು. ಶ್ರಾವಣದ ಜಿಟಿಜಿಟಿ ಹಿಡಿದರೆ ಧಾರವಾಡದಲ್ಲಿ ಒಂದು ಅಂಗಿ ಒಣಗಲು ಮೂರು ದಿನ ಬೇಕು. ಅದಕ್ಕೆಂದು ಸಾವಂತ್ರಕ್ಕ ಹುಬ್ಬಳ್ಳಿಯ ಒಂದು ಹೋಟೆಲಿನವರು ಮಾರಿದ ದೊಡ್ಡ ಡ್ರೈಯರ್ ತಂದು ಅಂಗಡಿಯ ಮೂಲೆಯಲ್ಲಿ ನಿಲ್ಲಿಸಿದ್ದಳು. ಶುಭ್ರ ಲಾಂಡ್ರಿಯ ಗಿರಾಕಿಗಳೆಂದರೆ ಮುಖ್ಯವಾಗಿ ಕೋರ್ಟಿನ ವಕೀಲರು. ಮೊನ್ನೆ ಹಿರಿಯ ವಕೀಲ ಇಟಗಿಯವರು ಜೇಬಿನಲ್ಲಿ ಪೆನ್ನು ಬಿಟ್ಟೇ ಅಂಗಿ ಕೊಟ್ಟುಬಿಟ್ಟರು. ಒಗೆಯುವಾಗ ಗಟ್ಟಿಯಾಗಿ ಉಳಿದ ಪೆನ್ನು ಡ್ರೈಯರಿನ ಬಿಸಿಗೆ ಬಾಯಿಬಿಟ್ಟಿತು. ತಿರುಗುವ ಡ್ರಮ್ಮಿನ ಒಳಗೋಡೆಯೆಲ್ಲ ನೀಲಿ! ಅದರ ಮುಂದಿನ ಸರದಿಯಲ್ಲಿ ಒಣಗಿದ ಆರು ಅಂಗಿಗಳು ಸಿಡುಬು ಎದ್ದವರ ಹಾಗೆ ಮೈತುಂಬ ಚುಕ್ಕಿ ಹೊತ್ತು ಹೊರಬಂದವು.

ಇಟಗಿ ವಕೀಲರು ಅಂಗಡಿಗೆ ಬಂದು ಬಲಗೈ ಬೆರಳೆತ್ತಿ ವಾದ ಮಂಡಿಸಿದರು. ಪೆನ್ನು ತಮ್ಮದೇ ಎಂಬ ಅಂಶವನ್ನು ವಾದದಲ್ಲಿ ಸೇರಿಸಲಿಲ್ಲ.

“ಸಾವಂತ್ರಕ್ಕಾ, ಸೋಮವಾರ ನಮ್ಮ ವಕೀಲರ ಗ್ರಂಥಾಲಯದ ಉದ್ಘಾಟನಾ. ದೊಡ್ಡ ಜಡ್ಜ್ ಸಾಹೇಬ್ರು ಬರಾವ್ರು. ನಾವು ಇಪ್ಪತ್ನಾಲ್ಕು ಮಂದಿ ಬೆಳ್ಳಗ ಹೊಳೀಬೇಕು. ಒಂದು ಅಂಗಿ ಮ್ಯಾಲೆ ಒಂದು ಕಲೆ ಬಿದ್ರೂ, ಒಬ್ಬರ ಅಂಗಿ ಒಬ್ಬರಿಗೆ ಹೋದ್ರೂ, ನಾವೆಲ್ಲ ಬಸ್ ಸ್ಟ್ಯಾಂಡ್ ಹಂತೇಕ ಹೊಸಾ ಲಾಂಡ್ರಿ ಆಗೈತಲ್ಲ, ಅಲ್ಲಿಗೆ. ಕಾಲರ್‌ನ್ಯಾಗ ಗುರುತಿಗೆ ಚಿಪ್ ಹಾಕ್ತಾರಂತ ಅವ್ರು!”

ಸಾವಂತ್ರಕ್ಕನಿಗೆ ಇದು ಎದೆಗೆ ನಾಟಿತು. ಮೂವತ್ತಾರು ವರ್ಷದ ಅಂಗಡಿ. ಅತ್ತೆಯ ಕೈಯಿಂದ ಬಂದ ಗುರುತು ಹಾಕುವ ಕಲೆ. ಕರಿ ಮಸಿಯ ಡಬ್ಬಿಯಲ್ಲಿ ಕಡ್ಡಿ ಅದ್ದಿ ಕಾಲರಿನ ಒಳಮಗ್ಗುಲಿಗೆ ಒಬ್ಬೊಬ್ಬರಿಗೆ ಒಂದೊಂದು ಗುರುತು ಇಡುವುದು. ಇಟಗಿ ವಕೀಲರಿಗೆ ಮೂರು ಗೀಟು. ಸವಣೂರ ವಕೀಲರಿಗೆ ಎರಡು ಚುಕ್ಕಿ ಒಂದು ಕೊಕ್ಕೆ. ಹೀಗೇ ಊರಿನ ಅರ್ಧ ಮಂದಿಗೆ. ಅಂಗಿ ಹರಿದು ಒರೆಸುಬಟ್ಟೆಯಾದರೂ ಆ ಗುರುತು ಮಾಸುತ್ತಿರಲಿಲ್ಲ. ಒಂದು ಅಂಗಿಯೂ ಇದುವರೆಗೆ ದಾರಿ ತಪ್ಪಿರಲಿಲ್ಲ. ಈಗ ಯಾವುದೋ ಒಂದು ಪೆನ್ನಿನ ದೆಸೆಯಿಂದ ಎಲ್ಲ ಹೋಗುವ ಹೊತ್ತು ಬಂದಿತ್ತು.

ಡ್ರಮ್ಮಿನ ನೀಲಿ ತೆಗೆಯಲು ಅವಳು ಮಾಡದ ಉಪಾಯವಿಲ್ಲ. ಲಿಂಬೆಹಣ್ಣು ತಿಕ್ಕಿದಳು. ಹಲ್ಲಿನ ಪೇಸ್ಟ್ ಹಚ್ಚಿದಳು. ಹಿಂದಿನ ಓಣಿಯ ಪಾರ್ಲರಿನವಳು ಉಗುರುಬಣ್ಣ ತೆಗೆಯುವ ದ್ರವ ಕೊಟ್ಟಳು. ಔಷಧ ಅಂಗಡಿಯವನು ಸ್ಪಿರಿಟ್ ಕೊಟ್ಟ. ತಲೆಯನ್ನು ಡ್ರಮ್ಮಿನೊಳಗೆ ತೂರಿಸಿ ಸ್ಪಿರಿಟ್ ಹಚ್ಚಿ ಉಜ್ಜಿ ಉಜ್ಜಿ, ವಾಸನೆಗೆ ತಲೆ ಗಿರ್ರೆಂದು, ಹೊರಗೆ ಬಂದಾಗ ಕೋರ್ಟು, ಕಚೇರಿ, ಇಟಗಿ ವಕೀಲರು ಎಲ್ಲರೂ ಎರಡೆರಡಾಗಿ ಕಂಡರು. ನೀಲಿ ಅರ್ಧ ಹೋಯಿತು, ಉಳಿದರ್ಧ ಬಿಸಿಗೆ ಸುಟ್ಟು ಅಂಟಿಕೊಂಡು ಜಪ್ಪಯ್ಯ ಅನ್ನಲಿಲ್ಲ.

ಶನಿವಾರ ಮಧ್ಯಾಹ್ನ. ಇಪ್ಪತ್ನಾಲ್ಕು ಅಂಗಿ ಒಗೆದು, ಅವರವರ ಗುರುತು ನೋಡಿ ಬೇಕಾದವರಿಗೆ ಗಂಜಿ ಹಾಕಿ, ಬಿದಿರಿನ ಗಳಕ್ಕೆ ತೂಗುಹಾಕಿ ಆಗಿತ್ತು. ತೊಟತೊಟ ಅಂತ ನೀರಿಳಿಯುತ್ತಿತ್ತು. ಹೊರಗೆ ಮಳೆ. ಮೂಲೆಯಲ್ಲಿ ನೀಲಿ ಹೊಟ್ಟೆಯ ಡ್ರೈಯರು.

“ಆತು, ಹಚ್ಚು ನಿನ್ನ ಮಸಿನುಂಗೀನ,” ಎಂದಳು ಸಾವಂತ್ರಕ್ಕ. “ಆದ್ರ ಎಮ್ಮಿ ಕಂಡ್ರ ಕೂಗೀತು ಮತ್ತ!”

“ಕೂಗೂದಿಲ್ಲಕ್ಕಾ, ಹಾಡತೈತಿ! ಕೇಳಿಲ್ಲಿ. ಪ್ರತಿಯೊಂದು ಮಸಿಗೂ ಒಂದು ನಾದ ಇರ್ತೈತಿ. ನಮ್ಮ ಕಿವಿಗೆ ಕೇಳೂದಿಲ್ಲ ಅಷ್ಟ. ಆ ನಾದಾನ ಈ ಕಹಳ್ಯಾಗ ಊದಿದ್ರ, ಮಸಿಗೆ ‘ಓಹೋ ನನ್ನ ಕರೀತಾರ’ ಅನಸ್ತೈತಿ. ಇದ್ದ ಜಾಗ ಬಿಟ್ಟು ಎದ್ದು ಬಂದು ಬಾಟ್ಲ್ಯಾಗ ಬೀಳ್ತೈತಿ. ಮೊದಲ ಆ ಮಸಿ ವಾಸನಿ ಒಂದೀಟು ತೋರಸಬೇಕು. ಅದನ್ನ ಉಜ್ಜಿದ ಅರಿವಿ ಏನಾರ ಐತೇನು?”

ಸಾವಂತ್ರಕ್ಕ ಗೂಟದ ಮೇಲಿಂದ ಒಂದು ಹಳೇ ಅರಿವೆ ತೆಗೆದು ಅವನ ಕಡೆ ಎಸೆದಳು. “ಮುಂಜಾನಿಂದ ಇದರಲೇ ತಿಕ್ಕೀನಿ ನೋಡು.”

ಅಡಿವೆಪ್ಪ ಆ ಅರಿವೆಯನ್ನು ಕುಕ್ಕರಿನೊಳಗೆ ಹಾಕಿ, ಮುಚ್ಚಳ ಬಿಗಿದು, ಕಹಳೆಯ ಬಾಯಿಯನ್ನು ಡ್ರೈಯರಿನ ಬಾಯಿಗೆ ಹೊಂದಿಸಿ, ರೆಗ್ಯುಲೇಟರನ್ನು ಒಂದಕ್ಕೆ ತಿರುಗಿಸಿದ.

ಕಹಳೆ “ಊಂ...” ಅಂದಿತು. ಹಸುಗೂಸು ತೊಟ್ಟಿಲಲ್ಲಿ ಕನವರಿಸಿದ ಹಾಗೆ.

ಆಮೇಲೆ ಕಂಡದ್ದನ್ನು ಸಾವಂತ್ರಕ್ಕ ತನ್ನ ಜನ್ಮದಲ್ಲಿ ಮರೆಯುವವಳಲ್ಲ! ಡ್ರಮ್ಮಿನ ಗೋಡೆಯ ನೀಲಿ ಮೆಲ್ಲಗೆ ಅಲುಗಾಡಿತು. ಇರುವೆ ಸಾಲು ಹೊರಟ ಹಾಗೆ ಒಂದರ ಹಿಂದೆ ಒಂದು ಹನಿ ಹೊರಟು, ಡ್ರಮ್ಮಿನ ಅಂಚು ದಾಟಿ, ಗಾಳಿಯಲ್ಲಿ ಅಡ್ಡಾಡುತ್ತ ಬಂದು ಕಹಳೆಯೊಳಗೆ ಹೊಕ್ಕಿತು. ಬಾಟಲಿಯಲ್ಲಿ ಟಪ್, ಟಪ್, ಟಪ್!

“ಅಯ್ಯ ನನ್ನ ತಮ್ಮಾ! ನೀ ಹುಟ್ಟಿದ್ದು ಸಾರ್ಥಕ ಆತೋ!” ಎಂದು ಸಾವಂತ್ರಕ್ಕ ಅವನ ಗಲ್ಲ ಹಿಡಿದು ಲಟಿಕೆ ಮುರಿದಳು. ಐವತ್ತು ವರ್ಷದ ಅಡಿವೆಪ್ಪ ನಾಚಿಕೊಂಡು, ಬಾಟಲಿಯ ನೀಲಿಯನ್ನೆಲ್ಲ ಗಟಾರಿಗೆ ಚೆಲ್ಲಿ, ಖಾಲಿ ಬಾಟಲಿಯನ್ನು ಮತ್ತೆ ನಳಿಕೆಗೆ ಸಿಕ್ಕಿಸಿದ. ಅಷ್ಟರಲ್ಲಿ ಸಾವಂತ್ರಕ್ಕ ಟಾರ್ಚು ಹಿಡಿದು ಡ್ರಮ್ಮಿನೊಳಗೆ ತಲೆ ಹಾಕಿದ್ದಳು.

“ಅಡಿವ್ಯಾ, ಇಲ್ಲೊಂದು ಉಳದೈತಲ್ಲೋ.”

“ಏನು?”

“ಚುಕ್ಕಿ.”

“ಎಷ್ಟು?”

“ಸಾಸಿವೆಕಾಳಿನಷ್ಟು.”

“ಅಕ್ಕಾ! ಇಡೀ ಸಮುದ್ರ ಕುಡಿಸೀನಿ, ಸಾಸಿವಿಕಾಳಿಗೆ ಅಳ್ತೀಯಲ್ಲ!”

“ಇದೊಂದ ಚುಕ್ಕಿ ಇಟಗಿ ಸಾಹೇಬ್ರ ಎದಿ ಮ್ಯಾಲೆ ಕುಂತ್ರ ಏನು ಮಾಡ್ಲಿ? ಇದನ್ನೂ ತಗಿ. ಹಚ್ಚು, ಜೋರು ಹಚ್ಚು!”

ಅಕ್ಕನೇ ಜೋರು ಹಚ್ಚು ಅಂದ ಮೇಲೆ ಅಡಿವೆಪ್ಪನನ್ನು ಹಿಡಿಯುವವರು ಯಾರು? ರೆಗ್ಯುಲೇಟರನ್ನು ಒಂದರಿಂದ ಸೀದಾ ಐದಕ್ಕೆ ತಿರುಗಿಸಿದ!

ಕಹಳೆ ಈ ಸಲ ಕನವರಿಸಲಿಲ್ಲ, ವರ ಇಳಿಯುವ ಹೊತ್ತಿಗೆ ಬ್ಯಾಂಡಿನವರು ಊದುವ ಹಾಗೆ ಊದಿತು. ಗೂಟಗಳು ನಡುಗಿದವು. ಸಾಸಿವೆಕಾಳು ಪಟ್ಟನೆ ಎದ್ದು ಬಂದು ಬಾಟಲಿಗೆ ಬಿತ್ತು. ಅದರ ಹಿಂದೆ ಇನ್ನೊಂದು ಹನಿ. ಅದರ ಹಿಂದೆ ಹತ್ತು. ಅದರ ಹಿಂದೆ, ಎಲ್ಲಿಂದಲೋ, ಬಾಗಿಲಿಂದ, ಕಿಟಕಿಯಿಂದ, ನೀಲಿ ಕಪ್ಪು ಹನಿಗಳ ಮೆರವಣಿಗೆ!

“ಸಾಕು, ಸಾಕೋ! ಬಂದ್ ಮಾಡು!”

ಬಂದ್ ಮಾಡುವಷ್ಟರಲ್ಲಿ ಬಾಟಲಿ ಕಂಠಮಟ್ಟ ತುಂಬಿತ್ತು.

ಮೊದಲು ಕೂಗು ಕೇಳಿದ್ದು ಪಕ್ಕದ ಮನೆಯ ಟ್ಯೂಷನ್ನಿನಿಂದ. ಅಲ್ಲಿ ಕಟ್ಟಿ ಮಾಸ್ತರರು ಮೂವತ್ತು ಹುಡುಗರಿಗೆ ಗಣಿತದ ಪರೀಕ್ಷೆ ಇಟ್ಟಿದ್ದರು. “ಮಾಸ್ತರ, ಉತ್ತರ ಹೋದ್ವು! ಎಲ್ಲಾ ಹೋದ್ವು!” ಎಂಬ ಮೂವತ್ತು ಗಂಟಲುಗಳ ಆನಂದ ಓಣಿ ತುಂಬಿತು. ಆಮೇಲೆ ಔಷಧ ಅಂಗಡಿಯವನು ಬೋಳು ಚೀಟಿಗಳ ಕಟ್ಟು ಹಿಡಿದು ಬಂದು ನೋಡಿ ಹೋದ. “ಡಾಕ್ಟರು ಬರದದ್ದು ಮೊದಲೂ ತಿಳೀತಿರಲಿಲ್ಲ ಬಿಡ್ರಿ, ಏನೂ ಫರಕ್ ಆಗಿಲ್ಲ,” ಎಂದ. ಸಾವಂತ್ರಕ್ಕ ರಸೀತಿ ಪುಸ್ತಕ ತೆರೆದಳು. ಹಾಲಿನ ಹಾಗೆ ಬಿಳಿ. ಅವಳಿಗೆ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತಲೇ ಗೋಡೆಯ ಮೇಲಿನ ಗುರುತಿನ ಹಲಗೆಯ ಕಡೆ ನೋಡಿದಳು.

ಯಾರಿಗೆ ಯಾವ ಗುರುತು ಎಂದು ಮೂವತ್ತಾರು ವರ್ಷ ಬರೆದಿಟ್ಟ ಹಲಗೆ. ಅದರ ಮೇಲೆ ಈಗ ಒಂದು ಗೀಟೂ ಇಲ್ಲ.

ನಗು ಅಲ್ಲೇ ನಿಂತಿತು. ಗಳದ ಹತ್ತಿರ ಓಡಿ ಒಂದು ಅಂಗಿಯ ಕಾಲರು ತಿರುವಿದಳು. ಬಿಳಿ. ಇನ್ನೊಂದು. ಬಿಳಿ. ಇಪ್ಪತ್ನಾಲ್ಕೂ ಬಿಳಿ, ಆಗ ಹುಟ್ಟಿದ ಕೂಸುಗಳ ಹಾಗೆ, ಹೆಸರಿಲ್ಲ, ಕುಲವಿಲ್ಲ!

“ಅಡಿವ್ಯಾ! ನಿನ್ನ ಯಂತ್ರ ನೀಲಿ ಮಸಿ ಅಷ್ಟ ನುಂಗಬೇಕಿತ್ತಲ್ಲೋ! ನನ್ನ ಗುರುತಿನ ಕರಿ ಮಸಿ ಯಾಕ ನುಂಗ್ತು?”

ಅಡಿವೆಪ್ಪ ಕುಕ್ಕರು ತೆಗೆದು ಅರಿವೆ ಹೊರಗೆ ಎಳೆದ. ಬಿಡಿಸಿ ನೋಡಿದ. ಒಂದು ಕಡೆ ನೀಲಿ. ಇನ್ನೊಂದು ಕಡೆ, ವರ್ಷಗಟ್ಟಲೆ ಗುರುತಿನ ಕಡ್ಡಿ ಒರೆಸಿ ಒರೆಸಿ ಆದ ಕರಿ ಕಲೆ.

“ಅಕ್ಕಾ, ನೀ ಕೊಟ್ಟದ್ದು ಕಡ್ಡಿ ಒರಸೂ ಅರಿವಿ. ಇದು ಎರಡೂ ವಾಸನಿ ಹಿಡಕೊಂಡೈತಿ.”

“ಅಂದ್ರ ತಪ್ಪು ನಂದೇನು?”

“ನಾ ಹಂಗ ಅಂದ್ನೇನು? ಅರಿವೀದು ಅಂದೆ.”

“ಗಪ್ ಕೂಡ್ರು! ನುಂಗಿದ್ದನ್ನ ಕಕ್ಕಸು ಮೊದಲ! ನಾಡಿದ್ದು ಎಂಟು ಗಂಟೆಕ್ಕ ವಕೀಲ್ರು ಬಾಗಲದಾಗ ನಿಂದರ್ತಾರ!”

“ಅದೇನು ದೊಡ್ಡ ಮಾತಲ್ಲಕ್ಕಾ. ತಂತಿ ಉಲ್ಟಾ ಸುತ್ತಿದ್ರಾತು. ಹೆಂಗ ಸುತ್ತೀನಿ ಅಂತ ಎಲ್ಲಾ ವಹಿಯೊಳಗ ಬರದಿಟ್ಟೀನಿ,” ಎಂದು ಅಡಿವೆಪ್ಪ ಕಿಸೆಯಿಂದ ತನ್ನ ನೋಟ್‌ಬುಕ್ಕು ತೆಗೆದ. ಒಂದು ಹಾಳೆ ತಿರುವಿದ. ಇನ್ನೊಂದು ತಿರುವಿದ. ಅವನ ಮೋರೆ ಹಾಳೆಗಿಂತ ಬೆಳ್ಳಗಾಯಿತು.

ಅವನೂ ನೀಲಿ ಪೆನ್ನಿನಲ್ಲೇ ಬರೆದಿದ್ದ!

ಭಾನುವಾರ ಇಡೀ ದಿನ ಅಡಿವೆಪ್ಪ ನೆನಪಿನ ಮೇಲೆ ತಂತಿ ಸುತ್ತಿದ. ಒಂದು ಸಲ ಹಚ್ಚಿದರೆ ಮಸಿನುಂಗಿ ತೇಗಿತು. ಇನ್ನೊಂದು ಸಲ ಬಿಕ್ಕಳಿಸಿತು. ಮೂರನೇ ಸಲ ಎದುರುಮನೆಯವರು ಅಳಿಯನಿಗೆ ಬರೆದ ಪತ್ರವನ್ನೂ ಎಳೆದು ನುಂಗಿತು. ಆ ಪತ್ರ ಹೋದದ್ದು ಒಳ್ಳೆಯದೇ ಆಯಿತು ಎಂದು ಎದುರುಮನೆಯ ಮಗಳು ಬಂದು ಚಹಾ ಕೊಟ್ಟು ಹೋದಳು, ಆ ಮಾತು ಬೇರೆ.

“ಅಜೀರ್ಣ ಆಗೈತಿ ಅಕ್ಕಾ ಇದಕ್ಕ,” ಎಂದ ಅಡಿವೆಪ್ಪ ಬೆವರು ಒರೆಸಿಕೊಂಡು.

“ನನಗೂ ಅದ ಆಗೈತಿ,” ಎಂದಳು ಸಾವಂತ್ರಕ್ಕ.

ಅವಳು ತನ್ನ ಪಾಡಿಗೆ ಕೆಲಸ ಮಾಡಿದಳು. ಡ್ರೈಯರು ಮಾತ್ರ ಕನ್ನಡಿಯ ಹಾಗಿತ್ತು. ಇಪ್ಪತ್ನಾಲ್ಕು ಅಂಗಿ ಒಂದು ಕಲೆಯಿಲ್ಲದೆ ಒಣಗಿದವು. ಇಸ್ತ್ರಿ ಮಾಡಿ ಮಡಚಿದಳು. ಅಳತೆಯಿಂದ ಕಂಡುಹಿಡಿಯೋಣವೆಂದರೆ, ಎಲ್ಲವೂ ಕೋರ್ಟಿನ ಎದುರಿನ ಒಬ್ಬನೇ ದರ್ಜಿ ಹೊಲಿದವು. ಅವನ ಹತ್ತಿರ ಇದ್ದದ್ದು ಮೂರೇ ಅಳತೆ: ಹೊಟ್ಟೆ ಇಲ್ಲದವರು, ಹೊಟ್ಟೆ ಬಂದವರು, ಹೊಟ್ಟೆ ಬರುತ್ತಿರುವವರು. ಇಪ್ಪತ್ನಾಲ್ಕರಲ್ಲಿ ಹದಿನೇಳು ಬಂದವರ ಅಳತೆ! ಮಡಚಿದ ಅಂಗಿಗಳ ಮುಂದೆ ಕೂತು ಸಾವಂತ್ರಕ್ಕ, ನಾಳೆಯಿಂದ ಈ ಅಂಗಡಿಯಲ್ಲಿ ಏನು ಮಾಡುವುದು, ಬೀಗ ಹಾಕುವುದೋ, ಬಾಡಿಗೆಗೆ ಕೊಡುವುದೋ ಎಂದು ಯೋಚಿಸಿದಳು. ಅತ್ತೆ ಬದುಕಿದ್ದರೆ ಏನೆನ್ನುತ್ತಿದ್ದಳೋ ಅಂತಲೂ ಯೋಚಿಸಿದಳು. ಅತ್ತೆ ಏನೆನ್ನುತ್ತಿದ್ದಳೆಂದು ಚೆನ್ನಾಗಿ ಗೊತ್ತಿದ್ದುದರಿಂದ ಆ ಯೋಚನೆ ಬಿಟ್ಟುಬಿಟ್ಟಳು.

ಸೋಮವಾರ ಎಂಟು ಗಂಟೆಗೆ ವಕೀಲರು ಬಂದರು. ಮಳೆಯಲ್ಲಿ ತೊಯ್ದು ಹೋಗಬಾರದೆಂದು ಎಲ್ಲರೂ ಬನಿಯನ್ನಿನ ಮೇಲೆ ರೇನ್‌ಕೋಟು ಹಾಕಿಕೊಂಡು, ಅಂಗಿಯನ್ನು ಅಂಗಡಿಯಲ್ಲೇ ತೊಟ್ಟು ಸೀದಾ ಉದ್ಘಾಟನೆಗೆ ಹೋಗುವ ತಯಾರಿಯಲ್ಲಿ ಬಂದಿದ್ದರು. ಜೊತೆಗೆ ಅವರದೇ ಕೋರ್ಟಿನ ವಕೀಲೆ ಮಂಗಳಗಟ್ಟಿ ಮೇಡಂ. ಅವರದು ಕುರ್ತಾ, ಇದ್ದದ್ದೇ ಒಂದು, ಅದಕ್ಕೆ ಗುರುತಿನ ಹಂಗಿಲ್ಲ. ಅದನ್ನು ತೆಗೆದುಕೊಂಡು ಹಿಂದಿನ ಮನೆಯಲ್ಲಿ ತೊಟ್ಟು ಬಂದು, ತಮಾಷೆ ನೋಡಲು ಸ್ಟೂಲಿನ ಮೇಲೆ ಕೂತರು.

ಸಾವಂತ್ರಕ್ಕ ಮುಚ್ಚುಮರೆ ಮಾಡಲಿಲ್ಲ. ಕೈಮುಗಿದು ಆದದ್ದನ್ನೆಲ್ಲ ಹೇಳಿಬಿಟ್ಟಳು.

ಮರುಕ್ಷಣ ಇಪ್ಪತ್ನಾಲ್ಕು ವಕೀಲರು ಒಮ್ಮೆಲೇ ವಾದಕ್ಕೆ ಇಳಿದರು!

“ಗುರುತಿಲ್ಲಾಂದ್ರ ಹೆಂಗ್ರಿ?”

“ಸಿಕ್ಕದ್ದು ಹಾಕ್ಕೊಳ್ಳೂದು!”

“ಸಿಕ್ಕದ್ದು ಅಂದ್ರ? ನಂದು ಹೋದ ತಿಂಗಳ ಹೊಲಿಸಿದ್ದೈತಿ!”

“ಇದಕ್ಕ ಅಂದೆ ನಾನು, ಚಿಪ್ ಇರಬೇಕು ಅಂತ!” ಇದು ಇಟಗಿ ವಕೀಲರು, ಬೆರಳು ಸೂರಿನ ಕಡೆಗೆ.

ಗದ್ದಲದಲ್ಲಿ ಸವಣೂರ ವಕೀಲರು ರಾಶಿಯ ಮೇಲಿನ ಒಂದು ಅಂಗಿಯನ್ನು ಮೆಲ್ಲಗೆ ಎಳೆದುಕೊಂಡರು. ಸಾವಂತ್ರಕ್ಕ ನೋಡಿಯೂ ನೋಡದ ಹಾಗೆ, ರೂಢಿಯ ಮೇಲೆ ಅಂದಳು, “ಅದು ನಿಮ್ದಲ್ರಿ ಸಾಹೇಬ್ರ.”

“ಗುರುತಿಲ್ಲ ಅಂದಿ?”

“ಗುರುತಿಲ್ಲ. ಆದ್ರ ನಿಮ್ದಲ್ಲ.”

ಅಂದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಅಂಗಿಯನ್ನು ಕೈಗೆ ತೆಗೆದುಕೊಂಡಳು. ತೋಳಿನ ಮೇಲೆ ಬೆರಳಾಡಿಸಿದಳು. ಮೂವತ್ತಾರು ವರ್ಷ ಒಗೆದ ಬೆರಳು.

“ಇದರ ಎಡಗಡೆ ಭುಜ ಇಳದೈತಿ. ಹೆಗಲಿಗೆ ದೊಡ್ಡ ಚೀಲ ಹಾಕ್ಕೊಂಡು ಅಡ್ಡಾಡಾವ್ರದು. ನಾಡಿಗೇರ ಸಾಹೇಬ್ರದು.”

ನಾಡಿಗೇರ ವಕೀಲರು ಹೆಗಲ ಮೇಲಿನ ದೊಡ್ಡ ಚೀಲವನ್ನು ನೋಡಿಕೊಂಡು ಅಂಗಿ ತೆಗೆದುಕೊಂಡರು.

“ವಾ!” ಎಂದರು ಮಂಗಳಗಟ್ಟಿ ಮೇಡಂ, ಸ್ಟೂಲು ಮುಂದಕ್ಕೆ ಎಳೆದುಕೊಂಡು. “ಮುಂದಿನ ಸಾಕ್ಷಿ ಕರೀರಿ!”

ಸಾವಂತ್ರಕ್ಕನ ಕೈ ಈಗ ನಿಲ್ಲಲಿಲ್ಲ. “ಇದರ ಬಲಗಡೆ ಮೊಣಕೈ ಹಾಳಿಯಷ್ಟು ತೆಳ್ಳಗಾಗೈತಿ. ಕೋರ್ಟಿನ್ಯಾಗ ಗದ್ದಕ್ಕ ಕೈ ಕೊಟ್ಟು ನಿದ್ದಿ ಮಾಡಾವ್ರದು.” ಯಾರೂ ಮುಂದೆ ಬರಲಿಲ್ಲ. “ತಗೊಳ್ರಿ ಹೆಬ್ಬಳ್ಳಿ ಸಾಹೇಬ್ರ, ನಾಚಬ್ಯಾಡ್ರಿ.” ಎಲ್ಲರೂ ಹೋ ಎಂದು ನಕ್ಕರು. “ಇದರ ಜೇಬಿನ ತಳದಾಗ ಅಡಕಿ ಚೂರು ಕುಂತು ಕುಂತು ತೂತು. ಬಿಟ್ಟೀನಿ ಅಂದಿದ್ರಿ ಹೌದಲ್ರಿ, ಮನ್ಯಾಗ? ನಾ ಹೇಳೂದಿಲ್ಲ, ತಗೊಳ್ರಿ. ಇದು ನೋಡ್ರಿ, ಮೂರನೇ ಗುಂಡಿ ನಾನ ಹಚ್ಚಿದ್ದು, ಮೂರು ಸಲ. ಹೊಟ್ಟಿ ಬಂದವರ ಅಳತಿ ಹೊಲಿಸ್ರಿ ಅಂದ್ರ ಕೇಳೂದಿಲ್ಲ ಇವ್ರು!”

ಹೀಗೇ ಒಂದೊಂದಾಗಿ ಇಪ್ಪತ್ತೆರಡು ಅಂಗಿ ಮನೆ ಸೇರಿದವು. ತೊಟ್ಟವರು ಕನ್ನಡಿ ನೋಡಿಕೊಂಡು “ನಂದ ಐತಿ” ಎಂದು ತಲೆಯಾಡಿಸಿದರು. ಉಳಿದದ್ದು ಎರಡು. ಉಳಿದವರು ಇಬ್ಬರು: ಇಟಗಿ ವಕೀಲರು, ಸವಣೂರ ವಕೀಲರು. ಇಪ್ಪತ್ತು ವರ್ಷದಿಂದ ಕೋರ್ಟಿನಲ್ಲಿ ಒಬ್ಬರ ಎದುರು ಒಬ್ಬರು ನಿಂತವರು. ಹೊಟ್ಟೆಯ ಅಳತೆ ಒಂದೇ. ಅಂಗಿ ಎರಡೂ ಒಂದೇ ಥಾನಿನವು, ಒಂದೇ ವಾರ ಹೊಲಿಸಿದವು. ಸವೆದದ್ದಿಲ್ಲ, ಇಳಿದದ್ದಿಲ್ಲ.

ಸಾವಂತ್ರಕ್ಕ ಎರಡರ ಕಾಲರಿನ ಮೇಲೂ ಉಗುರಿನಿಂದ ತಟ್ಟಿದಳು. ಒಂದು ಟಣ್ ಅಂದಿತು. ಇನ್ನೊಂದು ಮೆತ್ತಗೆ ಧಪ್ ಅಂದಿತು. ಅವಳ ಮೋರೆ ಅರಳಿತು.

“ಗಂಜಿ ಇದ್ದದ್ದು ಸವಣೂರ ಸಾಹೇಬ್ರದು. ಗಂಜಿ ತಾಗಿದ್ರ ಇಟಗಿ ಸಾಹೇಬ್ರಿಗೆ ಕುತ್ತಿಗಿ ತಿಂಡಿ ಬಿಟ್ಟು ಕೆರಕೊಳ್ಳೂಹಂಗ ಆಗ್ತೈತಂತ ನಾ ಅವರ ಕಾಲರಿಗೆ ಗಂಜಿ ಹಾಕೂದಿಲ್ಲ. ಮೆತ್ತಂದು ನಿಮ್ದ್ರಿ ಸಾಹೇಬ್ರ.”

ಆದರೆ ಇಟಗಿ ವಕೀಲರು ಎರಡೂ ಅಂಗಿ ನೋಡಿದರು. ಗಂಜಿ ಹಾಕಿದ್ದು ಸೈನಿಕನ ಹಾಗೆ ಸೆಟೆದು ನಿಂತಿತ್ತು. ಮೆತ್ತನೆಯದು ನಿನ್ನೆಯ ರೊಟ್ಟಿಯ ಹಾಗೆ ಬಳುಕುತ್ತಿತ್ತು. ದೊಡ್ಡ ಸಾಹೇಬರು ಬರುವ ದಿನ!

“ಟಣ್ ಅನ್ನೂದು ನಂದು,” ಎಂದರು.

“ಅಲ್ರಿ!”

“ನನ್ನ ಅಂಗಿ ನನಗ ಗೊತ್ತಿಲ್ಲೇನು? ಕುತ್ತಿಗಿ ತಿಂಡಿ ಗಿಂಡಿ ಎಲ್ಲಾ ನೀ ಕಟ್ಟಿದ ಕತಿ. ಇಲ್ಲೇ ಹೊಂದಸಾಕ ಆಗಲಿಲ್ಲಂದ್ರ ಇಪ್ಪತ್ತೆರಡು ಹೊಂದಿಸಿದ್ದೂ ಕಣ್ಣುಕಟ್ಟು! ನಾಳಿಂದ ನಾವು ಬಸ್ ಸ್ಟ್ಯಾಂಡಿಗೆ!” ಎನ್ನುತ್ತ ಗಂಜಿಯ ಅಂಗಿ ತೊಟ್ಟು ಗುಂಡಿ ಹಾಕಿಯೇಬಿಟ್ಟರು. ಸವಣೂರ ವಕೀಲರು ಬಡಬಡಿಸುತ್ತ ಉಳಿದ ಮೆತ್ತನೆಯದನ್ನು ತೊಟ್ಟರು. ಬನಿಯನ್ನಿನಲ್ಲಿ ಉದ್ಘಾಟನೆಗೆ ಹೋಗಲಾಗುವುದಿಲ್ಲವಲ್ಲ!

ಉಳಿದವರು ಒಬ್ಬರ ಮೋರೆ ಒಬ್ಬರು ನೋಡಿಕೊಂಡರು. ಕೆಲವರಿಗೆ ತಮ್ಮ ಮೈಮೇಲಿನ ಅಂಗಿಯ ಮೇಲೂ ಸಂಶಯ ಬಂತು. ಸಾವಂತ್ರಕ್ಕನ ಕಣ್ಣು ತುಂಬಿತು. ಇಪ್ಪತ್ತೆರಡು ಅಂಗಿಯ ಸಾಕ್ಷಿ ಒಬ್ಬರ ಜಂಬದ ಮುಂದೆ ನಿಲ್ಲಲಿಲ್ಲ.

ಸರಿಯಾಗಿ ಅದೇ ಹೊತ್ತಿಗೆ ಹಿಂದಿನ ಖೋಲಿಯಿಂದ ಅಡಿವೆಪ್ಪ ಕೂಗಿದ: “ಅಕ್ಕಾ, ನೆನಪಾತು! ಏಳು ಸುತ್ತಲ್ಲ, ಹದಿನಾಲ್ಕು!”

“ತಡಿಯೋ ಅಡಿವ್ಯಾ, ಈಗ ಬ್ಯಾಡ—”

ಭೋಂ!

ಕಹಳೆ ಊದಿದ ರಭಸಕ್ಕೆ ಅಂಗಡಿಯ ಬಾಗಿಲು ತಾನೇ ತೆರೆದುಕೊಂಡಿತು. ನೀಲಿ ಕಪ್ಪು ಹನಿಗಳು ಹಿಂಡು ಹಿಂಡಾಗಿ ವಕೀಲರ ಕಿವಿಯ ಪಕ್ಕದಿಂದ ಸುಂಯ್ ಸುಂಯ್ ಎಂದು ಹಾರಿಹೋದವು. ಮರುಗಳಿಗೆ ಪಕ್ಕದ ಮನೆಯಿಂದ ಮೂವತ್ತು ಗಂಟಲುಗಳ ಗೋಳು: “ಮಾಸ್ತರ, ಉತ್ತರ ಬಂದ್ವು!” ಗೋಡೆಯ ಹಲಗೆಯ ಮೇಲೆ ಗೀಟು, ಚುಕ್ಕಿ, ಕೊಕ್ಕೆಗಳು ಪಟಪಟನೆ ಕೂತವು.

ಸಾವಂತ್ರಕ್ಕ ಎಲ್ಲ ಬಿಟ್ಟು ಡ್ರೈಯರಿನ ಕಡೆ ಓಡಿದಳು. ಟಾರ್ಚು ಹಾಕಿ ನೋಡಿದಳು. ಚೆಲ್ಲಿದ ನೀಲಿ ಗಟಾರು ಸೇರಿಯಾಗಿತ್ತು. ವಾಪಸ್ಸು ಬಂದಿದ್ದು ಆ ಸಾಸಿವೆಕಾಳು ಒಂದೇ. ಹೆಬ್ಬೆರಳಿನ ಉಗುರಿನಿಂದ ಕೆರೆದಳು. ಉದುರಿ ಬಿತ್ತು.

“ಅಯ್ಯ ಶಿವನೇ!” ಎಂದಳು. ಮೊನ್ನೆಯೇ ಕೆರೆದಿದ್ದರೆ ಏನಾಗುತ್ತಿತ್ತು ಎಂಬುದನ್ನು ಯಾರಿಗೂ ಹೇಳಬಾರದೆಂದು ಅಲ್ಲೇ ನಿರ್ಧರಿಸಿದಳು.

ಹೊರಗೆ ಬಂದಾಗ ಮಂಗಳಗಟ್ಟಿ ಮೇಡಂ ಸ್ಟೂಲಿನ ಮೇಲೆ ಎದ್ದು ನಿಂತು ವಕೀಲರ ಬೆನ್ನು ನೋಡುತ್ತಿದ್ದರು.

“ಎಲ್ಲಾರೂ ಹಿಂದ ತಿರುಗ್ರಿ! ಕಾಲರ್ ಕೆಳ ಮಾಡ್ರಿ! ಸಾವಂತ್ರಕ್ಕಾ, ಇಲ್ಲಿ ಬಾ!”

ಗುರುತುಗಳು ಬಂದಿದ್ದವು! ನಾಡಿಗೇರರ ಕಾಲರಿನಲ್ಲಿ ನಾಡಿಗೇರರದು. ಹೆಬ್ಬಳ್ಳಿಯವರದರಲ್ಲಿ ಹೆಬ್ಬಳ್ಳಿಯವರದು. ಹಲಗೆ ನೋಡಿ, ಕಾಲರು ನೋಡಿ, ಮೇಡಂ ಒಂದೊಂದೇ ಎಣಿಸಿದರು. ಇಪ್ಪತ್ತೆರಡಕ್ಕೆ ಇಪ್ಪತ್ತೆರಡೂ ಸರಿ! ಆದರೆ ಹದಿನಾಲ್ಕು ಸುತ್ತಿನ ಜೋರಿಗೆ ಮಸಿ ಕಾಲರಿನಲ್ಲೇ ನಿಂತಿರಲಿಲ್ಲ. ಬಟ್ಟೆ ದಾಟಿ ಪ್ರತಿಯೊಬ್ಬರ ಕುತ್ತಿಗೆಯ ಮೇಲೂ ಅದೇ ಗುರುತು, ಅಚ್ಚೊತ್ತಿದ ಹಾಗೆ, ಕಪ್ಪಗೆ ಕೂತಿತ್ತು.

“ಇಟಗಿಯವರ, ನಿಮ್ಮ ಸರದಿ,” ಎಂದರು ಮೇಡಂ.

ಇಟಗಿ ವಕೀಲರು ಬೆರಳೆತ್ತದೆ ಸುಮ್ಮನೆ ತಿರುಗಿದರು. ಕಾಲರಿನ ಒಳಗೆ ಎರಡು ಚುಕ್ಕಿ ಒಂದು ಕೊಕ್ಕೆ. ಕುತ್ತಿಗೆಯ ಮೇಲೂ ಎರಡು ಚುಕ್ಕಿ ಒಂದು ಕೊಕ್ಕೆ. ಅದರ ಸುತ್ತ, ಗಂಜಿ ತಾಗಿ ಆಗಲೇ ಎದ್ದಿದ್ದ ಕೆಂಪು ದದ್ದು. ಸವಣೂರ ವಕೀಲರ ಕುತ್ತಿಗೆಯ ಮೇಲೆ ಮೂರು ಗೀಟು.

ಅಂಗಡಿಯಲ್ಲಿ ಎದ್ದ ನಗೆಗೆ ಕಟ್ಟಿ ಮಾಸ್ತರರ ಹುಡುಗರು ಅಳು ನಿಲ್ಲಿಸಿ ಕಿಟಕಿಗೆ ಬಂದರು. ಇಟಗಿ ವಕೀಲರು ಕುತ್ತಿಗೆ ಪರಪರನೆ ಕೆರೆದುಕೊಂಡರು. ಒಂದು ಸಲ ನೆಲ ನೋಡಿದರು. ಆಮೇಲೆ, ಏನೇ ಹೇಳಿ, ದೊಡ್ಡ ಮನಸ್ಸು ಮಾಡಿ ಅಂದರು:

“ಸೋತೆ ಸಾವಂತ್ರಕ್ಕಾ. ಆ ಮೆತ್ತಂದು ಕೊಡಸು. ಚಿಪ್ಪು ಗಿಪ್ಪು ಏನೂ ಬ್ಯಾಡ, ಮುಂದಿನ ವಾರ ಅರಿವಿ ಇಲ್ಲೇ ತರ್ತೀವಿ. ಪೆನ್ನು ತಗದ ತರ್ತೀನಿ.”

ಅಂಗಿ ಬದಲಾಯಿಸಿಕೊಂಡು, ತಂದಿದ್ದ ಕರಿ ಕೋಟು ತೊಟ್ಟು, ಕೊರಳಿಗೆ ವಕೀಲರ ಬಿಳಿ ಬ್ಯಾಂಡು ಕಟ್ಟಿ ಇಪ್ಪತ್ನಾಲ್ಕು ಮಂದಿ ಬೆಳ್ಳಗೆ ಹೊಳೆಯುತ್ತ ಉದ್ಘಾಟನೆಗೆ ಹೊರಟರು. ಸಾವಂತ್ರಕ್ಕ ಬಾಗಿಲಲ್ಲೇ ಕುಸಿದು ಕೂತು ದೊಡ್ಡ ಉಸಿರು ಬಿಟ್ಟಳು. ಎರಡು ದಿನದಿಂದ ಹಿಡಿದಿಟ್ಟಿದ್ದ ಉಸಿರು. ಮಳೆಯೂ ಒಂದಿಷ್ಟು ನಿಂತಿತ್ತು. ಅಡಿವೆಪ್ಪ ಹಿಂದಿನಿಂದ ಬಂದು ಚಹಾದ ಕಪ್ಪು ಅವಳ ಕೈಗೆ ಕೊಟ್ಟು ಮೆಲ್ಲಗೆ ಕೇಳಿದ:

“ಅಕ್ಕಾ, ಆ ಮಸಿ ಅವರ ಕುತ್ತಿಗಿಂದ ವರ್ಷಾನುಗಟ್ಲೆ ಹೋಗೂದಿಲ್ಲಲ್ಲ. ಯಂತ್ರ ತಗೊಂಡು ಹೋಗಿ ಒಂದು ಸಲ ನುಂಗಸಿ ಬರ್ಲೇನು?”

ಸಾವಂತ್ರಕ್ಕ ಚಹಾ ಒಂದು ಗುಟುಕು ಕುಡಿದು, ತಿರುವಿನಲ್ಲಿ ಮರೆಯಾಗುತ್ತಿದ್ದ ಕರಿ ಕೋಟುಗಳನ್ನು ನೋಡಿದಳು.

“ಇರ್ಲಿ ಬಿಡೋ. ಇನ್ನ ಮ್ಯಾಲೆ ಯಾವ ವಕೀಲ್ರು ಎಲ್ಲಿ ಕಳದ್ರೂ ಮಂದಿ ನಮ್ಮ ಅಂಗಡಿಗೇ ತಂದು ಒಪ್ಪಸ್ತಾರ. ಆ ಗುರುತು ಬದಲಾದ ಇಬ್ಬರನ್ನ ಮಾತ್ರ ಒಬ್ಬರ ಮನಿಗೆ ಒಬ್ಬರನ್ನ ಮುಟ್ಟಸಬೇಕಾಗ್ತೈತಿ, ಅಷ್ಟ.”